ವಂಡರ್‌ಲಾದಲ್ಲಿ ಒಂದು ಶನಿವಾರ: ಬಟ್ಟೆ ಬದಲಿಸೋದು ಒಂದೇ ಸಲ

ಪ್ರಶ್ನೆ (ಹಾಸನದಿಂದ ಒಬ್ಬ ಗೃಹಿಣಿ):
ನಮಸ್ಕಾರ ಸರ್. ಡಿಸೆಂಬರ್ ಕೊನೆಯ ಶನಿವಾರ ಬಿಡದಿ ಹತ್ತಿರದ ಮನರಂಜನಾ ಪಾರ್ಕ್ ವಂಡರ್‌ಲಾಗೆ ಹೋಗೋಣ ಅಂತಿದ್ದೀವಿ. ನಾನು, ನಮ್ಮ ಯಜಮಾನ್ರು, ಏಳನೇ ಕ್ಲಾಸಿನ ಮಗಳು (143 ಸೆಂ.ಮೀ.), ಒಂದನೇ ಕ್ಲಾಸಿನ ಮಗ (112 ಸೆಂ.ಮೀ.), ಜೊತೆಗೆ ಅತ್ತೆ. ಅತ್ತೆಗೆ ಮಂಡಿನೋವು, ಬಿ.ಪಿ. ಇದೆ. ಆದ್ರೂ ಮೊಮ್ಮಕ್ಕಳು ಕಿರುಚೋದನ್ನ ನೋಡ್ಲೇಬೇಕಂತೆ. ಬೆಳಿಗ್ಗೆ ಕಾರಲ್ಲಿ ಹೊರಟು ರಾತ್ರಿ ವಾಪಸ್. ಕ್ಯೂ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಲೇಬೇಕಾ? ಮೊದಲು ನೀರಿಗೆ ಹೋಗೋದಾ, ಒಣ ರೈಡಿಗಾ?

ಉತ್ತರ (ಗುಂಪು ಪ್ರವಾಸ ನಡೆಸುವ ಟೂರ್ ಮ್ಯಾನೇಜರ್):
ನಮಸ್ಕಾರ ಮೇಡಂ. ಮೊದಲು ದಿನದ ಮಾತು. ಕ್ರಿಸ್‌ಮಸ್ ರಜೆಯ ಶನಿವಾರ ಅಂದ್ರೆ ವರ್ಷದಲ್ಲೇ ಗಿಜಿಗುಡುವ ದಿನಗಳಲ್ಲೊಂದು. ಭಾನುವಾರಕ್ಕೆ ಬದಲಾಯಿಸಿದರೂ ಅಷ್ಟೇ ಕಥೆ. ಹಾಗಂತ ಡಿಸೆಂಬರ್, ಜನವರಿಯ ಮಂಗಳವಾರ ಬುಧವಾರ ಖಾಲಿ ಇರುತ್ತೆ ಅಂದ್ಕೋಬೇಡಿ, ಅದು ಶಾಲಾ ಪ್ರವಾಸದ ಕಾಲ, ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ನನ್ನನ್ನು ಕೇಳಿದರೆ ಜೂನ್ ಕೊನೆ, ಜುಲೈನ ವಾರದ ದಿನವೇ ಚೆಂದ. ಆದರೆ ನಿಮಗೆ ರಜೆ ಸಿಗೋದು ಈಗ, ಹಾಗಾಗಿ ಶನಿವಾರಕ್ಕೇ ಪ್ಲಾನ್ ಮಾಡೋಣ.

ನಾನು ಯಾವ ಗುಂಪು ಕರ್ಕೊಂಡು ಹೋದರೂ ಹೇಳೋದು ಒಂದೇ: ಇಡೀ ದಿನದಲ್ಲಿ ಒದ್ದೆಯಾಗೋದು ಒಂದು ಸಲ, ಒಣಗೋದು ಒಂದು ಸಲ. ಜನ ದುಡ್ಡು ಕೊಟ್ಟು ಬಂದು ದಿನ ಹಾಳು ಮಾಡ್ಕೊಳ್ಳೋದು ಕ್ಯೂನಲ್ಲಿ ಮಾತ್ರ ಅಲ್ಲ, ಬಟ್ಟೆ ಬದಲಿಸೋ ಕೋಣೆಗೂ ಲಾಕರಿಗೂ ಓಡಾಡೋದ್ರಲ್ಲಿ. ಹೋದ ತಕ್ಷಣ ನೀರಿಗೆ ಬೀಳೋದು, ಆಮೇಲೆ ರೋಲರ್ ಕೋಸ್ಟರ್ ಬೇಕು ಅಂತ ಮಗಳ ಹಟ, ಬಟ್ಟೆ ಬದಲಿಸೋದು, ಮತ್ತೆ ಮಗ ವೇವ್ ಪೂಲ್ (ಅಲೆ ಬರೋ ಕೊಳ) ಅನ್ನೋದು. ಐದು ಜನ ಎರಡೆರಡು ಸಲ ಬದಲಿಸಿದರೆ ಒಂದೂವರೆ ಗಂಟೆ ಅಲ್ಲೇ ಹೋಯ್ತು.

ಆದ್ದರಿಂದ ಒಣ ರೈಡು ಮೊದಲು. ಇದಕ್ಕೆ ಇನ್ನೊಂದು ಕಾರಣವೂ ಇದೆ. ನೀರಿನ ವಿಭಾಗ ಒಣ ರೈಡುಗಳಿಗಿಂತ ತಡವಾಗಿ ಶುರುವಾಗಿ ಬೇಗ ಮುಚ್ಚುತ್ತೆ. ಪಾರ್ಕ್ ಸಾಮಾನ್ಯವಾಗಿ 11ಕ್ಕೆ ತೆರೆಯುತ್ತೆ, ರಜೆಯ ದಿನಗಳಲ್ಲಿ ವೇಳೆ ಬದಲಾಗುತ್ತೆ, ಹಿಂದಿನ ರಾತ್ರಿ ಅವರ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿ. ಡಿಸೆಂಬರಿನ ಬೆಳಗಿನ ನೀರು ಮಕ್ಕಳ ಹಲ್ಲು ಕಟಕಟ ಅನ್ನಿಸುತ್ತೆ, ಬಿಸಿಲೇರಿದ ಮೇಲೆ ಇಳಿಯೋದೇ ಸುಖ.

ಹಾಸನದಿಂದ ಬೆಳಿಗ್ಗೆ ಆರರೊಳಗೆ ಹೊರಡಿ. ಕುಣಿಗಲ್ ಸುತ್ತಮುತ್ತ ತಿಂಡಿ ಮುಗಿಸಿ. ನೆಲಮಂಗಲ ದಾಟಿ ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿದರೆ ಬೆಂಗಳೂರಿನ ಒಳಗೆ ಹೋಗೋ ಗೋಳಿಲ್ಲ. ಅಲ್ಲಿಂದ ಮುಂದೆ ಎಚ್ಚರ: 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ನಡುವಿನ ರಸ್ತೆ ಹತ್ತಿಬಿಟ್ಟರೆ ಬೇಕಾದಲ್ಲಿ ಇಳಿಯೋಕಾಗಲ್ಲ. ಸರ್ವಿಸ್ ರಸ್ತೆಯಲ್ಲೇ ಬನ್ನಿ. ಗೇಟ್ ತೆರೆಯೋಕೆ ಮುಕ್ಕಾಲು ಗಂಟೆ ಮೊದಲು ಗಾಡಿ ಪಾರ್ಕ್ ಆಗಿರಲಿ, ಟಿಕೆಟ್ ಆನ್‌ಲೈನ್‌ನಲ್ಲೇ ಆಗಿರಲಿ. ಟಿಕೆಟ್ ಮಕ್ಕಳ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಅತ್ತೆಯವರ ಆಧಾರ್ ಕಾರ್ಡ್ ಇಟ್ಕೊಳ್ಳಿ, ಹಿರಿಯರಿಗೆ ದರ ಬೇರೆ.

ಒಳಗೆ ಹೋದ ತಕ್ಷಣ ಎಲ್ಲರೂ ಎದುರಿಗೆ ಕಂಡ ಮೊದಲ ರೈಡಿಗೇ ನಿಂತುಬಿಡ್ತಾರೆ. ನೀವು ನಿಲ್ಲಬೇಡಿ. ಅಪ್ಪ ಮಗಳು ನೇರ ರಿಕಾಯಿಲ್‌ಗೆ ಹೋಗಲಿ. ಅದು ಹಿಂದಕ್ಕೆ ಎಳೆದು ಬಿಡೋ ರೋಲರ್ ಕೋಸ್ಟರ್. ಮುಂದಕ್ಕೆ ಮೂರು ಸಲ ತಲೆಕೆಳಗೆ, ಅದೇ ದಾರಿಯಲ್ಲಿ ಹಿಂದಕ್ಕೆ ಮೂರು ಸಲ ತಲೆಕೆಳಗೆ. ಇಡೀ ಹಳಿಗೆ ಒಂದೇ ಟ್ರೈನು. ಅದು ವಾಪಸ್ ಬಂದು, ಜನ ಇಳಿದು, ಹೊಸಬರು ಹತ್ತಿ, ಒಬ್ಬೊಬ್ಬರ ಭುಜದ ಪಟ್ಟಿ ಎಳೆದು ನೋಡೋ ತನಕ ಕ್ಯೂ ಒಂದಿಂಚೂ ಸರಿಯಲ್ಲ. ಅದಕ್ಕೇ ಅಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಹತ್ತಿದರೆ ಗೆದ್ದ ಹಾಗೆ.

ಫಾಸ್ಟ್‌ಟ್ರ್ಯಾಕ್ ಲೆಕ್ಕವೂ ಇಲ್ಲೇ ಇದೆ. ಯಾವುದೇ ರೈಡಿನ ಮುಂದೆ ನಿಂತು ನಿಮ್ಮ ಮುಂದಿರೋ ತಲೆ ಎಣಿಸಿ, ಒಂದು ಸುತ್ತಿಗೆ ಎಷ್ಟು ಸೀಟು ಅಂತ ನೋಡಿ, ಎರಡು ಸುತ್ತಿನ ನಡುವಿನ ನಿಮಿಷ ನೋಡಿ. 28 ಸೀಟು, 4 ನಿಮಿಷ, ಮುಂದೆ 168 ಜನ ಅಂದ್ರೆ ಆರು ಸುತ್ತು, 24 ನಿಮಿಷ. ಫಾಸ್ಟ್‌ಟ್ರ್ಯಾಕಿನವರು ನಡುವೆ ಸೇರ್ತಾರೆ, ಇನ್ನೂ ಸ್ವಲ್ಪ ಸೇರಿಸ್ಕೊಳ್ಳಿ. ನಿಮ್ಮ ಮನೆಯಲ್ಲಿ ದೊಡ್ಡ ರೈಡು ಹತ್ತೋರು ಇಬ್ಬರೇ. ಮಗ 140 ಸೆಂ.ಮೀ. ಇಲ್ಲ, ಅವುಗಳಿಗೆ ಅವನನ್ನು ಬಿಡಲ್ಲ, ಅತ್ತೆ ಹತ್ತಬಾರದು, ನೀವು ಅವರಿಬ್ಬರ ಜೊತೆ ಇರ್ತೀರಿ. ಐದು ಜನಕ್ಕೂ ಫಾಸ್ಟ್‌ಟ್ರ್ಯಾಕ್ ತಗೊಳ್ಳೋದು ದಂಡ. ಕೈ ಬಿಟ್ಟು ಖರ್ಚು ಮಾಡೋಹಾಗಿದ್ರೆ ಆ ಇಬ್ಬರಿಗೆ ಮಾತ್ರ ತಗೊಳ್ಳಿ. ನಿಮಗೂ ಹತ್ತೋ ಆಸೆ ಇದ್ದರೆ ಯಜಮಾನ್ರು ಇಳಿದು ಬಂದು ಮಗನ ಜೊತೆ ಕೂರಲಿ, ಮಗಳು ನಿಮ್ಮ ಜೊತೆ ಇನ್ನೊಂದು ಸಲ ಹೋಗ್ತಾಳೆ. ಬೇಡ ಅನ್ನಲ್ಲ ಅವಳು!

ಊಟ ಹನ್ನೆರಡೂಕಾಲಿಗೇ ಮುಗಿಸಿ. ಒಂದರಿಂದ ಎರಡರ ಮಧ್ಯೆ ರೆಸ್ಟೋರೆಂಟಿನ ಸಾಲು ನೋಡಿದರೆ ಹಸಿವೇ ಹೋಗುತ್ತೆ. ಹೊರಗಿನ ಬುತ್ತಿ ಬಿಡಲ್ಲ, ಚಿತ್ರಾನ್ನ ಕಟ್ಕೊಂಡು ಬಂದು ಗೇಟಿನಲ್ಲಿ ವಾದ ಮಾಡ್ಬೇಡಿ. ಅತ್ತೆಯ ಮಾತ್ರೆಗೇನೂ ಅಡ್ಡಿಯಿಲ್ಲ.

ಆಮೇಲೆ ನೀರು. ಇಲ್ಲಿ ಬಟ್ಟೆಯ ವಿಷಯ. ಕಾಟನ್ ಬಿಡಲ್ಲ, ಜೀನ್ಸ್ ಬಿಡಲ್ಲ. ನೈಲಾನ್ ಅಥವಾ ಲೈಕ್ರಾ ಬೇಕು. ಜನ ಇದನ್ನು ಕಾಸ್ಟ್ಯೂಮ್ ಮಾರೋ ಉಪಾಯ ಅಂತ ಬೈತಾರೆ. ಹಾಗಲ್ಲ. ಕಾಟನ್ ನೀರು ಕುಡಿದು ಭಾರವಾಗಿ ಮೈಗೆ ಜೋತು ಬೀಳುತ್ತೆ, ಅದರ ಎಳೆಗಳು ಕೊಳದ ಫಿಲ್ಟರಿಗೆ ಸೇರುತ್ತವೆ, ಜಿಪ್ಪು, ಲೋಹದ ಗುಂಡಿ ಜಾರೋ ಸ್ಲೈಡನ್ನು ಗೀರುತ್ತವೆ. ಊರಿನಲ್ಲೇ ತಗೊಂಡು ಬನ್ನಿ, ಹೆಂಗಸರಿಗೆ ಪೂರ್ತಿ ತೋಳಿನದ್ದು, ಕಾಲು ಮುಚ್ಚೋದು ಸಿಗುತ್ತೆ. ಮಕ್ಕಳಿಗೆ ತಿಂಡಿಗೆ ನಿಂತಾಗಲೇ ಮಾಮೂಲಿ ಬಟ್ಟೆಯ ಒಳಗೆ ಹಾಕಿಸಿಬಿಡಿ. ತಾಳಿ ಸರ, ಕಾಲ್ಗೆಜ್ಜೆ, ಓಲೆ ಮನೆಯಲ್ಲೇ ಇಟ್ಟು ಬಂದರೆ ಮನಸ್ಸಿಗೆ ನೆಮ್ಮದಿ. ಕನ್ನಡಕಕ್ಕೆ ದಾರ ಕಟ್ಟಿ.

ನೀರಿಗಿಳಿದ ಮೇಲೆ ಫೋನು ಲಾಕರಿನಲ್ಲಿರುತ್ತೆ, ನೆನಪಿರಲಿ. 'ಕಾಲ್ ಮಾಡ್ತೀನಿ' ಅನ್ನೋ ಮಾತು ಆಗ ನಡೆಯಲ್ಲ. ಅತ್ತೆ ಕೂತಿರೋ ನೆರಳಿನ ಜಾಗವನ್ನೇ ಎಲ್ಲರೂ ಸೇರೋ ಜಾಗ ಮಾಡಿ, ವೇಳೆ ಗೊತ್ತುಮಾಡಿ. ಒಬ್ಬರ ಕೈಗೆ ನೀರು ತಡೆಯೋ ಅಗ್ಗದ ವಾಚಿರಲಿ. ಮಗನ ತೋಳಿನ ಮೇಲೆ ಅಳಿಸದ ಮಾರ್ಕರಿನಲ್ಲಿ ಅತ್ತೆಯ ನಂಬರ್ ಬರೀರಿ, ಯಾಕಂದ್ರೆ ಆ ಹೊತ್ತಿನಲ್ಲಿ ಫೋನ್ ಎತ್ತೋರು ಅವರೊಬ್ಬರೇ. ವೇವ್ ಪೂಲಿನಲ್ಲಿ ಅಲೆ ಬಿಟ್ಟು ಬಿಟ್ಟು ಬರುತ್ತೆ, ಶುರುವಾದಾಗ ಜನ ಒಟ್ಟಿಗೆ ಮುಂದೆ ನುಗ್ಗುತ್ತಾರೆ. ಮಗ ಮಂಡಿಮಟ್ಟದ ನೀರಿನಲ್ಲೇ ಇರಲಿ, ನಿಮ್ಮ ಕೈಗೆ ಸಿಗೋಷ್ಟು ಹತ್ತಿರ. ಲೈಫ್‌ಗಾರ್ಡ್ ಇದ್ದಾರೆ ಅಂತ ದೂರ ಕೂರಬೇಡಿ. ಚಳಿ ಹತ್ತಿದವರಿಗೆ ಹಾಡಿಗೆ ನೆನೆಯುತ್ತಾ ಕುಣಿಯೋ ರೇನ್ ಡಿಸ್ಕೋ ಇದೆ, ಬೆಚ್ಚಗಿನ ನೀರು.

ನೀರಿನ ವಿಭಾಗ ಮುಚ್ಚೋಕೆ ಅರ್ಧ ಗಂಟೆ ಮೊದಲೇ ಮೇಲೆ ಬನ್ನಿ. ಮುಚ್ಚೋ ಹೊತ್ತಿಗೆ ಬಟ್ಟೆ ಬದಲಿಸೋ ಕೋಣೆ ಮಾರ್ಕೆಟ್ ಬಸ್ಸಿನ ಹಾಗಿರುತ್ತೆ. ಮೊದಲೇ ಒಣಗಿದವರಿಗೆ ಸಂಜೆ ಮಗನ ಅಳತೆಯ ಸಣ್ಣ ರೈಡುಗಳು ಪುರುಸೊತ್ತಾಗಿ ಸಿಗ್ತವೆ. ಅತ್ತೆ ನೋಡ್ಬೇಕಾದ್ದೂ ಅವನನ್ನೇ ಅಲ್ವಾ?

ಪ್ರಶ್ನೆ (ಹುಬ್ಬಳ್ಳಿಯ ಕಾಲೇಜು ಹುಡುಗ):
ಸರ್ರ, ನಾವು ಆರು ಮಂದಿ ದೋಸ್ತ್ರು ರಾತ್ರಿ ಟ್ರೇನಿಗೆ ಬರ್ತೀವ್ರಿ. ಬ್ಯಾಗ್ ಎಲ್ಲಿ ಇಡೂದು? ಒಬ್ಬಾಂವ ಜಾತ್ರ್ಯಾಗಿನ ತೊಟ್ಟಿಲಾ ಹತ್ತಿದ್ರನೂ ವಾಂತಿ ಮಾಡ್ತಾನ್ರಿ.

ಉತ್ತರ:
ಬ್ಯಾಗುಗಳನ್ನು ಬೆಂಗಳೂರು ಮುಖ್ಯ ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲೇ ಬಿಡಿ, ಪಾರ್ಕಿನ ಲಾಕರಿಗೆ ಒಂದು ಜೊತೆ ಬಟ್ಟೆ, ಫೋನು ಸಾಕು. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಬಂದು, ಮುಂದೆ ಬಿಡದಿ ಕಡೆಯ ಬಸ್ಸು ಅಥವಾ ಆಟೋ ಹಿಡಿಯಿರಿ. ಕಾಲೇಜು ಐಡಿ ಕಾರ್ಡ್ ಮರೀಬೇಡಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ.

ವಾಂತಿ ಗೆಳೆಯನ ವಿಷಯ. ಒಳಗಿವಿ ಒಂದು ಹೇಳುತ್ತೆ, ಕಣ್ಣು ಇನ್ನೊಂದು ಹೇಳುತ್ತೆ, ಆ ಜಗಳಕ್ಕೇ ಹೊಟ್ಟೆ ತೊಳಸೋದು. ಇಂಥವರಿಗೆ ಒಂದೇ ಜಾಗದಲ್ಲಿ ಗಿರಗಿರ ತಿರುಗಿಸೋ ರೈಡು ರೋಲರ್ ಕೋಸ್ಟರಿಗಿಂತ ಹೆಚ್ಚು ಕಾಟ ಕೊಡೋದನ್ನ ನೋಡಿದ್ದೀನಿ. ತಿರುಗೋದನ್ನು ಬಿಡಿಸಿ, ನೀರಿನ ಸ್ಲೈಡುಗಳಿಗೆ ಕಳಿಸಿ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಬಿಡದಿ ತಟ್ಟೆ ಇಡ್ಲಿ ತಿನ್ನದೆ ಬರಬಾರದು ನಿಜ, ಆದರೆ ಅವನಿಗೆ ಬೆಳಿಗ್ಗೆ ಒಂದೇ ಇಡ್ಲಿ, ಬೆಣ್ಣೆ ಬೇಡ. ಮಾತ್ರೆ ಬೇಕಾದರೆ ಡಾಕ್ಟರನ್ನ ಕೇಳಿ ತಗೊಳ್ಳಲಿ, ಕೆಲವಕ್ಕೆ ನಿದ್ದೆ ಬರುತ್ತೆ.

ಪ್ರಶ್ನೆ (ಬೆಂಗಳೂರಿನಿಂದ):
ಮಳೆ ಬಂದರೆ ದುಡ್ಡು ನೀರಿಗೆ ಬಿದ್ದಂತಲ್ವಾ? ನೀವು ಜುಲೈ ಚೆಂದ ಅಂತೀರಿ.

ಉತ್ತರ:
ಆ ತಿಂಗಳಲ್ಲಿ ಬರೋದು ಹೆಚ್ಚಾಗಿ ಜಿಟಿಜಿಟಿ ಮಳೆ ಸರ್. ಹೇಗಿದ್ರೂ ಒದ್ದೆಯಾಗೋಕೇ ಬಂದಿರ್ತೀರಿ. ತೊಂದರೆ ಗುಡುಗು ಮಿಂಚಿನದು, ಆಗ ಎತ್ತರದ ರೈಡು, ಕೊಳ ಎರಡನ್ನೂ ನಿಲ್ಲಿಸ್ತಾರೆ. ಅದು ಏಪ್ರಿಲ್, ಮೇ ಸಂಜೆಗಳಲ್ಲಿ ಜಾಸ್ತಿ. ಬೇಸಿಗೆ ರಜೆಯಲ್ಲಿ ಹೋಗೋರು ದೊಡ್ಡ ರೈಡನ್ನು ಸಂಜೆಗೆ ಇಟ್ಕೋಬೇಡಿ.

ಹಾಸನದ ಮೇಡಂ:
ತುಂಬಾ ಥ್ಯಾಂಕ್ಸ್ ಸರ್. ಅತ್ತೆಗೆ ಓದಿ ಹೇಳಿದೆ. ಲಾಕರ್ ಕೀ ತಮ್ಮ ಹತ್ತಿರಾನೇ ಇರ್ಬೇಕಂತೆ.

ಉತ್ತರ:
ಅವರಿಗೇ ಕೊಡಿ ಮೇಡಂ. ನೀರಿಗಿಳಿಯದವರ ಹತ್ರ ಇದ್ರೆನೇ ಕೀ ಕಳೆಯಲ್ಲ.