ಪ್ರಶ್ನೋತ್ತರ: ಮೋರಿ ಮೇಲಿನ ಕುಸಿತ, ಡಾಂಬರು ಗುಂಡಿ, ನೀರಗಂಟಿ ಸಂಬಳ

ಅಡ್ಮಿನ್: ಈ ವಾರದ ವಿಷಯ ಗ್ರಾಮ ಪಂಚಾಯಿತಿ ವ್ಯಾಪ್ತಿಯ ರಸ್ತೆ, ಮೋರಿ (ರಸ್ತೆಯಡಿ ನೀರು ಹಾಯುವ ದಾರಿ), ಚರಂಡಿ ಮತ್ತು ಅವನ್ನು ನೋಡಿಕೊಳ್ಳುವ ಸಿಬ್ಬಂದಿ. ಉತ್ತರ ಕೊಡುವವರು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ನಿವೃತ್ತರಾದ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಮೇಡಂ. ಜಿಲ್ಲೆ ಬರೆಯಿರಿ, ಫೋಟೊ ಹಾಕಿ. ಫಾರ್ವರ್ಡ್ ಬೇಡ.

ಗ್ರಾ.ಪಂ. ಸದಸ್ಯ, ಹಾಸನ: ಮೇಡಂ ನಮಸ್ಕಾರ. ಡಾಂಬರು ರಸ್ತೆ ಗುಂಡಿ ಮುಚ್ಚಿಸಿದರೆ ಒಂದು ಮಳೆಗೇ ಕಿತ್ತು ಬರುತ್ತೆ. ಮಾಲು ಸರಿಯಿಲ್ವಾ, ಕೆಲಸ ಸರಿಯಿಲ್ವಾ?

ಎಇಇ ಮೇಡಂ: ನಮಸ್ಕಾರ. ಬಹುತೇಕ ಕೆಲಸದ್ದೇ ತಪ್ಪು. ಗುಂಡಿ ಇದ್ದ ಆಕಾರಕ್ಕೇ ಜಲ್ಲಿ ಸುರಿದು ಸಲಿಕೆಯಲ್ಲಿ ಬಡಿದರೆ ಅದು ನಿಲ್ಲುವುದಿಲ್ಲ. ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಅಂಚು ನೆಟ್ಟಗಿರಲಿ. ಸಡಿಲ ಮಣ್ಣು, ನೀರು, ಧೂಳು ಪೂರ್ತಿ ತೆಗೆಯಿರಿ. ತಳಕ್ಕೂ ನಾಲ್ಕು ಬದಿಗೂ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಬಳಿಯಿರಿ, ಚದರ ಮೀಟರಿಗೆ ಸುಮಾರು ಕಾಲು ಕೆ.ಜಿ. ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗುವವರೆಗೆ ಕಾಯಬೇಕು, ಅಲ್ಲೇ ಎಲ್ಲರೂ ಅವಸರ ಮಾಡುವುದು. ಗುಂಡಿ 75 ಮಿ.ಮೀ.ಗಿಂತ ಆಳವಿದ್ದರೆ ಕೆಳಗೆ ಜಲ್ಲಿ ತುಂಬಿ ದಮ್ಮಸ್ಸು ಮಾಡಿ, ಮೇಲಿನ ಪದರಕ್ಕೆ ಮಾತ್ರ ಡಾಂಬರು ಮಿಶ್ರಣ. ಮುಗಿದಾಗ ಸುತ್ತಲಿನ ರಸ್ತೆಗಿಂತ 5 ಮಿ.ಮೀ.ನಷ್ಟು ಎತ್ತರ ಇರಲಿ, ವಾಹನ ಓಡಿ ಸಮ ಆಗುತ್ತದೆ.

ಮಳೆಗಾಲದ ನಡುವೆ ಬಿಸಿ ಮಿಶ್ರಣ ಹಾಕಿಸಬೇಡಿ. ಚೀಲದಲ್ಲಿ ಬರುವ ಕೋಲ್ಡ್ ಮಿಕ್ಸ್ ತಾತ್ಕಾಲಿಕವಾಗಿ ಸಾಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗುಂಡಿ ಬಿದ್ದರೆ ಆ ಜಾಗದ ಪಕ್ಕದ ಚರಂಡಿ ನೋಡಿ, ರಸ್ತೆಯನ್ನಲ್ಲ.

ಯುವಕ ಸಂಘದವರು, ಚಿತ್ರದುರ್ಗ: ನಮ್ಮೂರ ರಸ್ತೆಗೆ ಪಂಚಾಯಿತಿಯವರು ಪಿಡಬ್ಲ್ಯುಡಿ ಅಂತಾರೆ, ಪಿಡಬ್ಲ್ಯುಡಿಯವರು ಪಂಚಾಯಿತಿ ಅಂತಾರೆ. ಯಾರನ್ನು ಹಿಡಿಯೋದು?

ಎಇಇ ಮೇಡಂ: ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಯದು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಆರಂಭದಲ್ಲಿ ಫಲಕ ಇರುತ್ತದೆ. ಕೆಲಸ ಮುಗಿದ ದಿನದಿಂದ 5 ವರ್ಷ ಅದೇ ಗುತ್ತಿಗೆದಾರ ನಿರ್ವಹಣೆ ಮಾಡಬೇಕು. ಆ ಫಲಕದ ಫೋಟೊ ತೆಗೆದು ಮೇರಿ ಸಡಕ್ ಆ್ಯಪ್‌ನಲ್ಲಿ ದೂರು ಹಾಕಿ. ಫಲಕ ಇಲ್ಲದಿದ್ದರೆ ತಾಲ್ಲೂಕಿನ ಎಇಇ ಕಚೇರಿಯಲ್ಲಿ ರಸ್ತೆ ಪಟ್ಟಿ ಇದೆ, ಕೇಳಿ ಪಡೆಯಿರಿ.

ಗ್ರಾ.ಪಂ. ಸದಸ್ಯ, ಹಾವೇರಿ: ಮೇಡಮ್ಮಾರ, ನಮ್ಮೂರ ಹಳ್ಳದ ದಾರ್ಯಾಗ ಹ್ಯೂಮ್ ಪೈಪಿನ ಮೋರಿ ಐತ್ರಿ. ಅದರ ಮ್ಯಾಲೆ ಡಾಂಬರು ಬುಟ್ಟಿ ಅಗಲ ಕುಸದೈತಿ. ಎರಡ ಸಲ ಗರಸು ಹಾಕಿ ತುಂಬೀವಿ, ಮಳಿ ಆದಮ್ಯಾಲೆ ಮತ್ತ ಕುಸೀತೈತಿ. ಹಾಕಿದ ಗರಸು ಎಲ್ಲಿ ಹೋತು ತಿಳೀವಲ್ದು. ಶಾಲಿ ಬಸ್ಸು, ಕಬ್ಬಿನ ಟ್ರ್ಯಾಕ್ಟರ್ ಅದರ ಮ್ಯಾಲೇ ಹೊಕ್ಕಾವ. ಈ ಸಲ ಕಾಂಕ್ರೀಟ್ ಹಾಕಿ ಮುಚ್ಚಲೇನ್ರಿ?

ಎಇಇ ಮೇಡಂ: ಹಾಕಬೇಡಿ. ಉಳಿದ ಪ್ರಶ್ನೆಗಳು ಕಾಯಲಿ, ಇದನ್ನು ಮೊದಲು ಓದಿ.

ಹಾಕಿದ ಗರಸು ಪೈಪಿನೊಳಗೆ ಹೋಗಿ ಹಳ್ಳ ಸೇರಿದೆ. ಹ್ಯೂಮ್ ಪೈಪು ಅಂದರೆ ಸರಳು ಹಾಕಿದ ಕಾಂಕ್ರೀಟ್ ಪೈಪು, ಅವನ್ನು 2.5 ಮೀಟರಿನ ತುಂಡುಗಳಾಗಿ ಕೂಡಿಸುತ್ತಾರೆ. ತಳಕ್ಕೆ ಗಟ್ಟಿ ಹಾಸು ಹಾಕದೆ ಮಣ್ಣಿನ ಮೇಲೇ ಇಟ್ಟಿದ್ದರೆ ಒಂದು ತುಂಡು ಇಳಿಯುತ್ತದೆ, ಕೂಡು ಬಾಯಿ ಬಿಡುತ್ತದೆ. ಕೂಡಿನ ಸುತ್ತ ಕೂರುವ ಬಳೆ, ಅಂದರೆ ಕಾಲರಿನೊಳಗೆ ಗಾರೆ ತುಂಬದಿದ್ದರೂ ಹಾಗೇ ಆಗುತ್ತದೆ. ಪ್ರತಿ ಮಳೆಗೂ ಆ ಸಂದಿಯಿಂದ ಸುತ್ತಲಿನ ಮಣ್ಣು ಒಳಕ್ಕೆ ಎಳೆದುಕೊಂಡು ಹೋಗಿ, ಟೊಳ್ಳು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಮೇಲಿನ ಡಾಂಬರು ಚಪ್ಪಡಿಯಂತೆ ನಿಂತಿರುವುದರಿಂದ ಹೊರಗೆ ಬುಟ್ಟಿ ಅಗಲ ಮಾತ್ರ ಕಾಣುತ್ತದೆ. ಒಳಗೆ ಅದಕ್ಕಿಂತ ಎಷ್ಟೋ ದೊಡ್ಡದು ಇರಬಹುದು. ತುಂಬಿದ ಬಸ್ಸಿನ ಹಿಂದಿನ ಚಕ್ರ ಅಲ್ಲಿ ಬಿದ್ದರೆ ಒಮ್ಮೆಗೇ ಒಳಗೆ ಹೋಗುತ್ತದೆ.

ಇವತ್ತೇ ಮಾಡಬೇಕಾದ್ದು: ಭಾರದ ವಾಹನ ನಿಲ್ಲಿಸಿ. ಎರಡೂ ಬದಿ ದೂರದಲ್ಲೇ ಡ್ರಮ್ಮು ಇಟ್ಟು ಸುಣ್ಣ ಬಳಿದು ಹೊಳೆಯುವ ಪಟ್ಟಿ ಸುತ್ತಿ. ಬರೀ ಕಲ್ಲು ಇಡಬೇಡಿ, ರಾತ್ರಿ ಬೈಕಿನವರು ಅದಕ್ಕೇ ಬೀಳುತ್ತಾರೆ. ಕುಸಿದ ಜಾಗದಿಂದ ಹೊರಗೆ, ಗಟ್ಟಿ ರಸ್ತೆ ಮೇಲೆ ನಿಂತು ಹಾರೆಯ ತುದಿಯಿಂದ ಸುತ್ತ ಕುಟ್ಟುತ್ತಾ ಬನ್ನಿ. ದಬದಬ ಎಂಬ ಟೊಳ್ಳು ಸದ್ದು ಎಲ್ಲಿವರೆಗೆ ಬರುತ್ತದೋ ಅಲ್ಲಿವರೆಗೆ ಬಣ್ಣದಲ್ಲಿ ಗೆರೆ ಎಳೆಯಿರಿ, ಟೇಪ್ ಹಿಡಿದು ಫೋಟೊ ತೆಗೆಯಿರಿ. ನೀರು ಇಲ್ಲದಾಗ ಕೆಳಬದಿಯಿಂದ ಕೋಲಿಗೆ ಮೊಬೈಲ್ ಕಟ್ಟಿ ಪೈಪಿನೊಳಗೆ ವಿಡಿಯೊ ಮಾಡಿ. ಯಾರೂ ಒಳಗೆ ಇಳಿಯಬಾರದು, ಹುಡುಗರನ್ನಂತೂ ಕಳಿಸಲೇಬಾರದು.

ರಿಪೇರಿ ಅಂದರೆ ಬಿಚ್ಚಿ ಕಟ್ಟುವುದೇ. ಪೈಪಿನವರೆಗೆ ಅಗೆಯುವಾಗ ಗೋಡೆ ನೆಟ್ಟಗೆ ಬಿಡಬೇಡಿ, ಇಳಿಜಾರು ಕೊಡಿ. ತಳಕ್ಕೆ 150 ಮಿ.ಮೀ. ಕಾಂಕ್ರೀಟ್ ಅಥವಾ ಜಲ್ಲಿ ಹಾಸು. ಪೈಪು ಎನ್‌ಪಿ-3 ದರ್ಜೆಯದಿರಲಿ, ಅದಕ್ಕಿಂತ ಕಡಿಮೆ ಭಾರ ತಡೆಯುವ ಎನ್‌ಪಿ-2 ರಸ್ತೆಗೆ ಬೇಡ. ಕಾಲರಿಗೆ 1:2 ಸಿಮೆಂಟ್ ಗಾರೆ ಒತ್ತಿ ತುಂಬಿ, ನೀರುಣಿಸಿ, ಆಮೇಲೆ ಮಣ್ಣು. ಮಣ್ಣನ್ನು ಎರಡೂ ಬದಿ ಸಮನಾಗಿ 150 ಮಿ.ಮೀ. ಪದರಗಳಲ್ಲಿ ದಮ್ಮಸ್ಸು ಮಾಡಬೇಕು. ಒಂದೇ ಬದಿ ಸುರಿದರೆ ಪೈಪು ಜರುಗುತ್ತದೆ. ಮೇಲೆ 600 ಮಿ.ಮೀ. ಮಣ್ಣು ಬರುವ ತನಕ ರೋಲರ್ ಹತ್ತಿಸಬೇಡಿ. ಅಷ್ಟು ಎತ್ತರ ಸಿಗದಿದ್ದರೆ ಪೈಪಿನ ಸುತ್ತ ಕಾಂಕ್ರೀಟ್ ಹೊದಿಕೆ ಕೊಡಿ, ಇಲ್ಲವೇ ಸ್ಲ್ಯಾಬ್ ಮೋರಿ ಮಾಡಿ. ಎರಡೂ ತುದಿಗೆ ತಲೆಗೋಡೆ, ಕೆಳಬದಿಗೆ ಕಲ್ಲುಹಾಸು ಬೇಕೇ ಬೇಕು. ಅಂದಾಜು ಪಟ್ಟಿಯಲ್ಲಿ ದುಡ್ಡು ಸಾಲದಾಗ ಮೊದಲು ಕತ್ತರಿಸುವುದು ಅದನ್ನೇ.

ಪೈಪಿನ ವ್ಯಾಸ ಎಷ್ಟು? ಜೋರು ಮಳೆಗೆ ಮೇಲ್ಬದಿ ನೀರು ನಿಲ್ಲುತ್ತದೆಯೇ?

ಗ್ರಾ.ಪಂ. ಸದಸ್ಯ, ಹಾವೇರಿ: 600 ಐತ್ರಿ. ನೀರು ನಿಂದರ್ತೈತಿ, ರಸ್ತಿ ಮಟ ಬರ್ತೈತಿ.

ಎಇಇ ಮೇಡಂ: ಹಾಗಾದರೆ ಪೈಪು ಸಣ್ಣದು. ನಿಂತ ನೀರು ಪೈಪಿನ ಹೊರಮೈಗುಂಟ ದಾರಿ ಮಾಡಿಕೊಂಡಿದೆ. ಹೊಸದು 900 ಅಥವಾ 1000 ಮಿ.ಮೀ. ವ್ಯಾಸದ್ದು ಇರಲಿ, ಒಂದು ಸಾಲು ಸಾಕೋ ಎರಡು ಬೇಕೋ ಎಂಬುದನ್ನು ಹಳ್ಳದ ಹರಿವು ನೋಡಿ ಜೆಇ (ಕಿರಿಯ ಇಂಜಿನಿಯರ್) ಲೆಕ್ಕ ಹಾಕಲಿ. ಸಣ್ಣ ಪೈಪಿನಲ್ಲಿ ಹೂಳು ತೆಗೆಯಲೂ ಆಗುವುದಿಲ್ಲ.

ಸದಸ್ಯ, ಬಳ್ಳಾರಿ: ಫಾರ್ವರ್ಡ್ ಆಗಿ ಬಂದದ್ದು: ಕುಸಿದ ಜಾಗಕ್ಕೆ ಒಣ ಸಿಮೆಂಟ್ ಎರಡು ಚೀಲ, ಉಪ್ಪು 5 ಕೆ.ಜಿ. ಸುರಿದು ಮೇಲೆ ನೀರು ಬಿಟ್ಟರೆ ಬಂಡೆಯಂತೆ ಗಟ್ಟಿಯಾಗುತ್ತೆ, ಅಗೆಯುವ ಖರ್ಚೇ ಇಲ್ಲ. ಎಲ್ಲಾ ಗ್ರೂಪಿಗೂ ಕಳಿಸಿ.

ಎಇಇ ಮೇಡಂ: ಕಳಿಸಬೇಡಿ. ಒಣ ಸಿಮೆಂಟ್ ಮೇಲೆ ನೀರು ಸುರಿದರೆ ಹೊರಪದರ ಗಟ್ಟಿಯಾಗಿ ಒಳಗೆ ಪುಡಿಯೇ ಉಳಿಯುತ್ತದೆ. ಉಪ್ಪು ಕಬ್ಬಿಣ ತಿನ್ನುತ್ತದೆ, ಪೈಪಿನೊಳಗಿನ ಸರಳಿಗೂ ಅದೇ ಗತಿ. ಆ ಗಟ್ಟಿ ಉಂಡೆ ಟೊಳ್ಳಿನ ಮೇಲೆ ಸಿಕ್ಕಿಹಾಕಿಕೊಂಡು ಕುಸಿತವನ್ನು ಮರೆಮಾಡುತ್ತದೆ. ನೋಡುವವರಿಗೆ ರಿಪೇರಿ ಆದಂತೆ ಕಾಣುತ್ತದೆ, ಬಸ್ಸು ಬಿಡುತ್ತಾರೆ. ಇದು ಮಕ್ಕಳು ಓಡಾಡುವ ದಾರಿ.

ಸದಸ್ಯ, ಬಳ್ಳಾರಿ: ಬಂದದ್ದು ಹಾಕಿದೆ ಅಷ್ಟೇ ಮೇಡಂ. ಇನ್ನೊಂದು, ಮನೆ ಮನೆಯ ಪ್ಲಾಸ್ಟಿಕ್ಕನ್ನು ಡ್ರಮ್ಮಿನಲ್ಲಿ ಕರಗಿಸಿ ಗುಂಡಿಗೆ ಸುರಿಯೋದು ಹೇಗೆ? ಸರ್ಕಾರವೇ ಪ್ಲಾಸ್ಟಿಕ್ ರಸ್ತೆ ಮಾಡುತ್ತಲ್ಲ.

ಎಇಇ ಮೇಡಂ: ಪ್ಲಾಸ್ಟಿಕ್ ರಸ್ತೆಯಲ್ಲಿ ಪ್ಲಾಸ್ಟಿಕ್ಕನ್ನು ಡ್ರಮ್ಮಿನಲ್ಲಿ ಕರಗಿಸುವುದಿಲ್ಲ. ತೊಳೆದು ಒಣಗಿಸಿ, 5 ಮಿ.ಮೀ.ಗಿಂತ ಸಣ್ಣ ಚೂರು ಮಾಡಿ, ಪ್ಲಾಂಟಿನಲ್ಲಿ ಬಿಸಿ ಜಲ್ಲಿಗೆ ಹಾಕುತ್ತಾರೆ. ಪ್ರಮಾಣ ಡಾಂಬರಿನ ತೂಕದ ಶೇ 6ರಿಂದ 8. ಪಿವಿಸಿ ಸೇರಿಸುವಂತೆಯೇ ಇಲ್ಲ. ಪೈಪು, ವೈರಿನ ಸಿಪ್ಪೆ ಡ್ರಮ್ಮಿಗೆ ಬಿದ್ದರೆ ಏಳುವ ಹೊಗೆ ಶ್ವಾಸಕೋಶ ಸುಡುತ್ತದೆ. ದಯವಿಟ್ಟು ಇನ್ನು ಫಾರ್ವರ್ಡ್ ಸಾಕು.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಮಂಡ್ಯ: ಹಾವೇರಿಯವರ ಮೋರಿಯಂಥದ್ದು ನಮ್ಮಲ್ಲೂ ಇವೆ. ಆದರೆ ಕ್ರಿಯಾ ಯೋಜನೆ ಮಾಡುವಾಗ ಸದಸ್ಯರು ವಾರ್ಡಿಗೆ ಇಷ್ಟು ಅಂತ ಸಮ ಹಂಚಿಕೊಂಡರೆ ಮೋರಿಗೆ ಸಾಲುವ ದುಡ್ಡು ಯಾವ ವಾರ್ಡಿನಲ್ಲೂ ಉಳಿಯಲ್ಲ. ಎಲ್ಲರದೂ ಇಪ್ಪತ್ತು ಮೂವತ್ತು ಮೀಟರ್ ಸಿ.ಸಿ. (ಕಾಂಕ್ರೀಟ್) ರಸ್ತೆ.

ಗ್ರಾ.ಪಂ. ಸದಸ್ಯ, ತುಮಕೂರು: ಸದಸ್ಯರ ಮೇಲೆ ಹಾಕಬೇಡಿ ಸಾರ್. ವಾರ್ಡಿಗೆ ಏನೂ ತರದಿದ್ದರೆ ಜನ ನಮ್ಮನ್ನ ಕೇಳ್ತಾರೆ, ನಿಮ್ಮನ್ನಲ್ಲ. ನೀವು ವರ್ಗಾವಣೆ ಆಗಿ ಹೋಗ್ತೀರಿ.

ಪಿಡಿಒ, ಮಂಡ್ಯ: ಆಡಿಟ್ ಆಕ್ಷೇಪ ಬಂದಾಗ ಸಹಿ ಮಾಡಿದವನೇ ಉತ್ತರಿಸೋದು. ಒಂದೇ ಕೆಲಸ ತುಂಡು ಮಾಡಿ ಟೆಂಡರ್ ತಪ್ಪಿಸಿದರೆ ಅದೂ ನಮ್ಮ ತಲೆಗೇ.

ಗ್ರಾ.ಪಂ. ಸದಸ್ಯೆ, ಶಿವಮೊಗ್ಗ: ಇಬ್ಬರದೂ ಅರ್ಧ ಸರಿ. ಗ್ರಾಮಸಭೆಯಲ್ಲಿ ಮೋರಿಯನ್ನ ಇಡೀ ಪಂಚಾಯಿತಿಯ ಕೆಲಸ ಅಂತ ಮೊದಲ ಸಾಲಿನಲ್ಲೇ ಬರೆಸಿ, ಉಳಿದದ್ದನ್ನ ವಾರ್ಡಿಗೆ ಹಂಚಿ. ಮೊದಲು ಹಂಚಿ ಆಮೇಲೆ ಕೇಳಿದ್ರೆ ಯಾರೂ ಬಿಡಲ್ಲ.

ಗ್ರಾ.ಪಂ. ಸದಸ್ಯ, ತುಮಕೂರು: ಹೇಳೋದು ಸುಲಭ ಅಕ್ಕ.

ನಿವಾಸಿ, ಉತ್ತರ ಕನ್ನಡ: ರಸ್ತೆ ಮೇಲೆ ಬಾಗಿದ ಅಕೇಶಿಯಾ ಮರ ಕಡಿಸಲು ಅನುಮತಿ ಯಾರದ್ದು?

ನೀರಗಂಟಿ, ಕೋಲಾರ: ಮೇಡಂ, ಪಂಚಾಯಿತಿಯೋರು ಗುಂಡಿ ಮುಚ್ಚೋದು, ಚರಂಡಿ ಎತ್ತೋದು ಎಲ್ಲಾ ನಮಗೇ ಹೇಳ್ತಾರೆ. ಮೋಟರು, ವಾಲ್ವು, ಟ್ಯಾಂಕು ಯಾರು ನೋಡ್ಬೇಕು? ಸಂಬಳಾನೂ ನೆಟ್ಟಗೆ ಬರಲ್ಲ.

ಎಇಇ ಮೇಡಂ: ಸಂಬಳದ ಪ್ರಶ್ನೆ ಪಿಡಿಒ ಉತ್ತರಿಸಲಿ. ಕೆಲಸದ ಬಗ್ಗೆ ನಾನು ಹೇಳುತ್ತೇನೆ. ನೀರಗಂಟಿಯನ್ನು ಚರಂಡಿಗೆ ಇಳಿಸಬಾರದು. ಕೊಳಚೆ ಮುಟ್ಟಿದ ಕೈ ಕುಡಿಯುವ ನೀರಿನ ವಾಲ್ವಿಗೆ ಹೋಗುತ್ತದೆ. ಚರಂಡಿಗೆ ಬೇರೆ ಕೂಲಿಯವರನ್ನು ಹಚ್ಚಿ, ಗಮ್‌ಬೂಟು, ಕೈಗವಸು ಕೊಡಿ. ಶೌಚದ ನೀರು ಬರುವ ಗುಂಡಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ. ಮೇ ಕೊನೆಯೊಳಗೆ ಒಮ್ಮೆ, ಮುಂಗಾರು ಹಿಂಗಾರಿನ ನಡುವೆ ಒಮ್ಮೆ ಮೋರಿಗಳ ಬಾಯಿ, ರಸ್ತೆ ಬದಿಯ ಚರಂಡಿ ಬಿಡಿಸಿದರೆ ಡಾಂಬರಿನ ಖರ್ಚು ಎಷ್ಟೋ ಉಳಿಯುತ್ತದೆ. ಎತ್ತಿದ ಹೂಳನ್ನು ರಸ್ತೆ ಅಂಚಿಗೇ ಗುಡ್ಡೆ ಹಾಕಬೇಡಿ. ಅದು ಕಟ್ಟೆಯಾಗಿ ನೀರನ್ನು ರಸ್ತೆ ಮೇಲೇ ನಿಲ್ಲಿಸುತ್ತದೆ.

ಪಿಡಿಒ, ಮಂಡ್ಯ: ಸಂಬಳಕ್ಕೆ: ಬರೀ ಪಂಚಾಯಿತಿ ಠರಾವಿನ ಮೇಲೆ ಸೇರಿದ್ದರೆ ಸಾಲದು. ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅನುಮೋದನೆ ಆಗಿರಬೇಕು, ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶದಲ್ಲಿ ಹೆಸರು ಏರಿರಬೇಕು. ಆಗಲೇ ಇಎಫ್‌ಎಂಎಸ್‌ನಲ್ಲಿ (ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆ) ಖಾತೆಗೆ ಬರೋದು. ಇಲ್ಲದಿದ್ದರೆ ವರ್ಗ-1ರಲ್ಲಿ, ಅಂದರೆ ಕಂದಾಯ ವಸೂಲಿಯಾದ ದುಡ್ಡಿನಲ್ಲಿ ಕೊಡಬೇಕು.

ನೀರಗಂಟಿ, ಕೋಲಾರ: ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಕೊಡಬಹುದು ಅಂತಾರಲ್ಲ?

ಪಿಡಿಒ, ಮಂಡ್ಯ: ಇಲ್ಲ. ಅದರ ಅನಿರ್ಬಂಧಿತ (ಇಂಥದ್ದೇ ಕೆಲಸಕ್ಕೆ ಅಂತ ಮೀಸಲಿಲ್ಲದ) ಅನುದಾನದಲ್ಲೂ ಸಂಬಳ, ಕಚೇರಿ ವೆಚ್ಚ ಹಾಕುವಂತಿಲ್ಲ.

ಗ್ರಾ.ಪಂ. ಸದಸ್ಯ, ತುಮಕೂರು: ವಸೂಲಿ ಮಾಡಿಸೋದು ನಿಮ್ಮ ಕೆಲಸ. ಬಿಲ್ ಕಲೆಕ್ಟರ್‌ನ ಕಚೇರಿ ಕಂಪ್ಯೂಟರ್ ಮುಂದೆ ಕೂರಿಸಿದರೆ ವರ್ಗ-1ರಲ್ಲಿ ದುಡ್ಡು ಎಲ್ಲಿಂದ ಬರುತ್ತೆ?

ಪಿಡಿಒ, ಮಂಡ್ಯ: ಡಾಟಾ ಎಂಟ್ರಿ ಆಪರೇಟರ್ ಹುದ್ದೆ ಖಾಲಿ ಇದ್ದರೆ ಯಾರನ್ನ ಕೂರಿಸಲಿ, ನಿಮ್ಮನ್ನಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ನಿವಾಸಿ, ಮೈಸೂರು: ಮೇಡಂ, ಜಲ ಜೀವನ್ ಪೈಪಿಗೆ ಹೊಸ ಸಿ.ಸಿ. ರಸ್ತೆ ಕತ್ತರಿಸಿ ಮಣ್ಣು ಮುಚ್ಚಿ ಹೋದರು. ಈಗ ಉದ್ದಕ್ಕೂ ತಗ್ಗು.

ಎಇಇ ಮೇಡಂ: ರಸ್ತೆ ಪುನರ್‌ನಿರ್ಮಾಣ ಆ ಅಂದಾಜು ಪಟ್ಟಿಯಲ್ಲೇ ಇದೆಯೇ ನೋಡಿ, ಪ್ರತಿ ಕೇಳಿ. ಇದ್ದರೆ ಅದು ಆಗುವ ತನಕ ಪಂಚಾಯಿತಿ ಹಸ್ತಾಂತರ ಪತ್ರಕ್ಕೆ ಸಹಿ ಹಾಕಬಾರದು. ಮೊದಲು ಪೈಪಿಗೆ ಒತ್ತಡ ಪರೀಕ್ಷೆ, ಆಮೇಲೆ ಮುಚ್ಚುವುದು. ಸೋರುವ ಪೈಪಿನ ಮೇಲೆ ಕಾಂಕ್ರೀಟ್ ಹಾಕಿದರೆ ಮತ್ತೆ ಒಡೆಯಬೇಕು. ಸಡಿಲ ಮಣ್ಣು ತೆಗೆದು 150 ಮಿ.ಮೀ. ಪದರಗಳಲ್ಲಿ ನೀರು ಹಾಕಿ ಕುಟ್ಟಿಸಿ. ಹಳೆ ಸ್ಲ್ಯಾಬಿನ ಅಂಚನ್ನು ಯಂತ್ರದಲ್ಲಿ ನೇರ ಕತ್ತರಿಸಿ, ಎರಡೂ ಬದಿ ಪೈಪಿಗೆ ತೋಡಿದ ಕಾಲುವೆಗಿಂತ 150 ಮಿ.ಮೀ. ಅಗಲ ಇರಲಿ. ಆಗ ಹೊಸ ಕಾಂಕ್ರೀಟು ಗಟ್ಟಿ ನೆಲದ ಮೇಲೆ ಕೂರುತ್ತದೆ. ದಪ್ಪ ಹಳೆಯದಷ್ಟೇ, 14 ದಿನ ನೀರು ಕಟ್ಟಿ. ಕಾಂಕ್ರೀಟಿನ ದರ್ಜೆ ಎಂ-20 ಎಂದು ಬರೆದಿದ್ದರೆ ಪರೀಕ್ಷೆಗೆ ಅಚ್ಚು ಹಾಕಿದ 150 ಮಿ.ಮೀ. ಕ್ಯೂಬ್ 28 ದಿನಕ್ಕೆ ಸುಮಾರು 450 ಕಿಲೋನ್ಯೂಟನ್ ಭಾರ ತಡೆಯಬೇಕು, ಆ ವರದಿ ಕೇಳಿ.

ನಿವಾಸಿ, ರಾಮನಗರ: ಮನೆ ಮುಂದೆ ಹಂಪ್ ಹಾಕಿಸಬಹುದಾ?

ಎಇಇ ಮೇಡಂ: ಮನೆ ಮುಂದೆ ಅಂತ ಹಾಕುವಂತಿಲ್ಲ. ಶಾಲೆ, ಆಸ್ಪತ್ರೆ, ಅಪಾಯದ ಕೂಡುರಸ್ತೆಗೆ ಮಾತ್ರ. ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಬಣ್ಣ, ಮುನ್ಸೂಚನೆ ಫಲಕ.

ಸದಸ್ಯ, ಕೊಪ್ಪಳ: ಹಂಪ್ ಎಷ್ಟು ಎತ್ತರ ಇರಬೇಕು ಮೇಡಂ?

ಎಇಇ ಮೇಡಂ: ಮೇಲೆ ಇದೆ.

ನಿವಾಸಿ, ಚಿಕ್ಕಬಳ್ಳಾಪುರ: ನಮ್ಮ ರಸ್ತೆ ಯಾರಿಗೆ ಸೇರಿದ್ದು ಅಂತ ತಿಳಿಯೋದು ಹೇಗೆ?

ಎಇಇ ಮೇಡಂ: ಚಿತ್ರದುರ್ಗದವರಿಗೆ ಬರೆದದ್ದು ಓದಿ.

ಸದಸ್ಯ, ರಾಯಚೂರು: ಜೆಸಿಬಿ ಬಾಡಿಗೆ ಗಂಟೆಗೆ ಎಷ್ಟು ತೋರಿಸಬಹುದು?

ಸದಸ್ಯ, ಬಳ್ಳಾರಿ: ಮಣ್ಣು ರಸ್ತೆ ಧೂಳಿಗೆ ಗಾಡಿಯ ಹಳೆ ಆಯಿಲ್ ಚೆಲ್ಲಿದರೆ

ಎಇಇ ಮೇಡಂ: ಬೇಡ. ಮಳೆಗೆ ಅದು ಕೆರೆಗೆ, ಬಾವಿಗೆ ಹೋಗುತ್ತದೆ. ಮೂರನೇ ಸಲ ಹೇಳುತ್ತಿದ್ದೇನೆ, ಬಂದದ್ದನ್ನೆಲ್ಲ ಇಲ್ಲಿ ಹಾಕಬೇಡಿ. ಹಾವೇರಿಯವರು ಇದ್ದೀರಾ? ಕುಟ್ಟಿ ನೋಡಿದಿರಾ?

ಗ್ರಾ.ಪಂ. ಸದಸ್ಯ, ಹಾವೇರಿ: ನೋಡೀನ್ರಿ. ಅರ್ಧ ರಸ್ತಿ ಮಟ ಟೊಳ್ಳು ಸದ್ದು ಬರ್ತೈತಿ. ಡ್ರಮ್ಮು ಇಟ್ಟೀವಿ. ಆದರ ಬಸ್ಸಿನವ್ರು ಸುತ್ತು ಹಾಕಾಕ ಒಲ್ಲೆ ಅಂತಾರ, ಒಂದ ಬದಿ ಹಿಡದು ದಾಟಸ್ತೀವಿ ಅಂತಾರ.

ಎಇಇ ಮೇಡಂ: ದಾಟಿಸಬಾರದು, ಖಾಲಿ ಬಸ್ಸೂ ಬೇಡ. ಅರ್ಧ ರಸ್ತೆ ಟೊಳ್ಳಾಗಿದ್ದರೆ ಉಳಿದರ್ಧವನ್ನೂ ನಂಬುವಂತಿಲ್ಲ. ಮಕ್ಕಳು ಈಚೆ ಬದಿ ಇಳಿದು, ಕುಸಿದ ಜಾಗದಿಂದ ದೂರ, ಯಾರಾದರೂ ದೊಡ್ಡವರ ಜೊತೆ ನಡೆದು ದಾಟಲಿ. ನೀರು ಹರಿಯುತ್ತಿದ್ದರೆ ಅದೂ ಬೇಡ, ಬಸ್ಸು ಸುತ್ತಿಯೇ ಬರಲಿ. ಪಿಡಿಒ, ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಎಇಇ, ತಹಶೀಲ್ದಾರ್, ಪೊಲೀಸ್ ಠಾಣೆ, ಐದೂ ಕಡೆ ಇವತ್ತೇ ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಪತ್ರದಲ್ಲಿ ‘ರಸ್ತೆ ಹಾಳಾಗಿದೆ’ ಎಂದು ಬರೆಯಬೇಡಿ. ‘ಮೋರಿ ಮೇಲೆ ರಸ್ತೆ ಒಳಗಿನಿಂದ ಟೊಳ್ಳಾಗಿದೆ, ಭಾರಿ ವಾಹನ ಸಂಚಾರ ತಕ್ಷಣ ನಿಷೇಧಿಸಬೇಕು’ ಎಂದೇ ಬರೆಯಿರಿ, ಅಳತೆ ಮತ್ತು ಫೋಟೊ ಲಗತ್ತಿಸಿ. ಪೈಪಿನೊಳಗಿನ ವಿಡಿಯೊ ನನಗೆ ಕಳಿಸಿ.

ಗ್ರಾ.ಪಂ. ಸದಸ್ಯ, ಹಾವೇರಿ: ಆತ್ರಿ. ಪಿಡಿಒ ಸಾಹೇಬ್ರ ಕಡೆ ಹೊಂಟೀನಿ.

ನಿವಾಸಿ, ಉತ್ತರ ಕನ್ನಡ: ಮರದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.