ಫಿಲ್ಮ್ ‘ತೊಳೆಯುವುದು’: ಡೆವಲಪ್ ಮಾಡುವುದಕ್ಕೆ ಬೇರೆ ಪದ ಬಳಕೆಯಲ್ಲಿತ್ತೇ?

ಬಳಗದ ಎಲ್ಲರಿಗೂ ನಮಸ್ಕಾರ.

ಫೋಟೋ ಫಿಲ್ಮ್ ಡೆವಲಪ್ ಮಾಡುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಿದ್ದರು? ನಮ್ಮ ಮನೆಯಲ್ಲಿ ನಾನು ಕೇಳಿದ್ದು ‘ತೊಳೆಯುವುದು’ ಒಂದೇ. ರೋಲು ಮುಗಿದ ಮೇಲೆ ಸ್ಟುಡಿಯೋಗೆ ತೊಳೆಯಲು ಕೊಡುವುದು, ತೊಳೆಸಿಕೊಂಡು ಬರುವುದು. ಇಲ್ಲಿ ಮುಂಬೈಯ ಹಿಂದಿಯಲ್ಲೂ ರೀಲು ‘ಧುಲ್‌ವಾನಾ’ ಅಂತಲೇ ಮಾತು. ಆ ಪದ ನನಗೆ ಇಷ್ಟ. ಆದರೆ ಈಗ ಅದೊಂದರಿಂದಲೇ ಕೆಲಸ ಸಾಗುತ್ತಿಲ್ಲ.

ನಾನು ಮದುವೆ ಫೋಟೋ ತೆಗೆಯುವವನು. ಹೊಟ್ಟೆಪಾಡಿನ ಕೆಲಸವೆಲ್ಲ ಡಿಜಿಟಲ್‌ನಲ್ಲಿ. ನನಗೋಸ್ಕರ ತೆಗೆಯುವ ಚಿತ್ರಗಳಿಗೆ ಮಾತ್ರ, ದಾದರಿನ ಹೂವಿನ ಮಾರುಕಟ್ಟೆ, ಮಾಟುಂಗದ ಬೀದಿ, ಫೋರ್ಟ್ ಪ್ರದೇಶದ ಹಳೇ ಕಟ್ಟಡಗಳು ಇಂಥವಕ್ಕೆ, ಕಪ್ಪು-ಬಿಳುಪು ಫಿಲ್ಮಿಗೆ ಮರಳಿದ್ದೇನೆ. ಡಿಜಿಟಲ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಕಣ್ಣು ಹಿಂದಿನ ಪರದೆಗೆ ಹೋಗುತ್ತದೆ. ಅಷ್ಟರಲ್ಲಿ ಎದುರಿಗಿದ್ದವರ ಮುಖ ಬದಲಾಗಿರುತ್ತದೆ. ಫಿಲ್ಮಿನಲ್ಲಿ ನೋಡಲು ಪರದೆಯೇ ಇಲ್ಲ. ಒಂದು ರೋಲಿಗೆ 36 ಫ್ರೇಮು. ಹಾಗಾಗಿ ನೋಡುವ ಕೆಲಸವೆಲ್ಲ ಒತ್ತುವ ಮೊದಲೇ ಮುಗಿಯಬೇಕು.

ಇದನ್ನು ಕಲಿಯಬೇಕು ಅಂತ ಇಲ್ಲಿನ ಕೆಲವು ಕನ್ನಡದ ಹುಡುಗರು, ಹುಡುಗಿಯರು ಕೇಳಿದ್ದಾರೆ. ಅವರಿಗೆ ಕನ್ನಡದಲ್ಲೇ ಒಂದು ಚಿಕ್ಕ ಕೈಪಿಡಿ ಬರೆಯಲು ಕೂತೆ. ಡೆವಲಪ್ ಮಾಡುವ ಅಧ್ಯಾಯಕ್ಕೆ ಬರುವಷ್ಟರಲ್ಲಿ ಪದ ಕೈಕೊಟ್ಟಿತು.

ನಡೆಯುವುದು ಹೀಗೆ. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳುಗಳಲ್ಲಿ ಒಂದು ಬದಲಾವಣೆ ಆಗುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಡೆವಲಪರ್ ಅನ್ನುವ ದ್ರಾವಣ ಅಂಥ ಹರಳುಗಳನ್ನು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಆಮೇಲೆ ತೆಳು ಆಮ್ಲದ ನೀರು ಆ ಕ್ರಿಯೆಯನ್ನು ನಿಲ್ಲಿಸುತ್ತದೆ. ಬೆಳಕು ತಾಗದೆ ಉಳಿದ ಲವಣವನ್ನು ಫಿಕ್ಸರ್ ಅನ್ನುವ ಇನ್ನೊಂದು ದ್ರಾವಣ ಕರಗಿಸಿ ತೆಗೆಯುತ್ತದೆ. ಎಲ್ಲಾ ಆದ ಮೇಲೆ ಬರುವುದು ನಿಜವಾದ ತೊಳೆಯುವಿಕೆ, ಹರಿಯುವ ನೀರಿನಲ್ಲಿ. ಅಲ್ಲಿ ಆತುರಪಟ್ಟರೆ ಉಳಿದ ಫಿಕ್ಸರ್ ವರ್ಷಗಳ ಮೇಲೆ ಚಿತ್ರವನ್ನು ಕೆಡಿಸುತ್ತದೆ.

ಅಂಗಡಿಯ ಈಚೆ ನಿಂತು ರೋಲು ಕೊಡುತ್ತಿದ್ದ ನಮಗೆ ಇವೆಲ್ಲಕ್ಕೂ ಸೇರಿ ‘ತೊಳೆಯುವುದು’ ಸಾಕಾಗಿತ್ತು. ಸ್ವತಃ ಮಾಡುವವನಿಗೆ ಸಾಲದು. ಉದಾಹರಣೆಗೆ, ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು 400 ವೇಗದಲ್ಲೇ (ವೇಗ ಅಂದರೆ ಫಿಲ್ಮು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ತೆಗೆದು, ನೀರು ಬೆರೆಸದ ಡಿ-76 ಅನ್ನುವ ಡೆವಲಪರಿನಲ್ಲಿ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಇದನ್ನು ‘ತೊಳೆಯುವ ಸಮಯ’ ಅಂತ ಬರೆದರೆ ಕಲಿಯುವವರು ಯಾವುದನ್ನು ತಿಳಿಯಬೇಕು? ಮುಂಬೈಯ ಮೇ ತಿಂಗಳಲ್ಲಂತೂ ನಲ್ಲಿ ನೀರು 20 ಡಿಗ್ರಿಗಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ದ್ರಾವಣದ ಡಬ್ಬಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಟ್ಟು ತಣಿಸಬೇಕು. ಬಿಸಿ ಹೆಚ್ಚಾದರೆ ಡೆವಲಪರ್ ಬೇಗ ಕೆಲಸ ಮಾಡುತ್ತದೆ, ಸಮಯ ಕಡಿಮೆ ಮಾಡಬೇಕಾಗುತ್ತದೆ. ಸಮಯ ತೀರಾ ಕಡಿಮೆಯಾದರೆ ಕಪ್ಪು ಒಂದೇ ಸಮ ಬರುವುದಿಲ್ಲ. ಇಷ್ಟೆಲ್ಲ ನಾಜೂಕಿನ ಹಂತಕ್ಕೆ ಅದರದ್ದೇ ಹೆಸರು ಬೇಕು ಅಲ್ವಾ?

‘ಅಭಿವೃದ್ಧಿ’ ಇಲ್ಲಿಗೆ ಹೊಂದುವುದಿಲ್ಲ. ‘ಸಂಸ್ಕರಣೆ’ ಎಲ್ಲಾ ಹಂತಗಳಿಗೂ ಸೇರಿ ಬಳಸಬಹುದು, ಈ ಒಂದಕ್ಕೇ ಆಗದು. ನನ್ನ ಮನಸ್ಸು ‘ಮೂಡಿಸು’ ಕಡೆಗಿದೆ. ಕತ್ತಲೆ ಕೋಣೆಯ ತಟ್ಟೆಯಲ್ಲಿ ಪ್ರಿಂಟ್ ಹಾಕುವ ಬಿಳಿ ಕಾಗದದ ಮೇಲೆ ಮೊದಲು ಹುಬ್ಬು, ಆಮೇಲೆ ಕಣ್ಣು ಕಾಣಿಸಿಕೊಳ್ಳುವುದನ್ನು ಕನ್ನಡದವರು ‘ಚಿತ್ರ ಮೂಡಿತು’ ಅಂತಲೇ ಹೇಳುತ್ತಾರೆ. ನೇಸರು ಮೂಡುವುದು, ಮೂಡಣ, ಇವೆಲ್ಲ ಅದೇ ಪದ. ಹಾಗಾದರೆ ಡೆವಲಪರ್ ‘ಮೂಡಿಸುವ ದ್ರಾವಣ’, ಆ ಏಳೂವರೆ ನಿಮಿಷ ‘ಮೂಡಿಸುವ ಸಮಯ’. ‘ತೊಳೆ’ ಕೊನೆಯ ನೀರಿಗೆ ಉಳಿಯುತ್ತದೆ. ಡೆವಲಪ್ ಮಾಡುವ ಮೊದಲಿನ ಕಾಣದ ಚಿತ್ರವನ್ನು ‘ಸುಪ್ತಬಿಂಬ’ ಅನ್ನುವ ಬದಲು ‘ಮೂಡದ ಚಿತ್ರ’ ಅನ್ನಬಹುದು.

ಫಿಕ್ಸರಿಗೆ ಹೊಸ ಪದ ಬೇಡ, ‘ಹೈಪೋ’ ಸಾಕು ಅಂತ ನನ್ನ ಅಭಿಪ್ರಾಯ. ಬೋರಾ ಬಜಾರಿನ ಕ್ಯಾಮೆರಾ ಅಂಗಡಿಯಲ್ಲಿ ಈಗಲೂ ಹಾಗೆ ಕೇಳಿದರೆ ಅರ್ಥವಾಗುತ್ತದೆ. ಆ ವಸ್ತುವಿಗೆ ಹಿಂದೆ ಇದ್ದ ಹೈಪೋಸಲ್ಫೈಟ್ ಅನ್ನುವ ಹೆಸರಿನ ತುಂಡು ಅದು. ಈಗಿನ ಹೆಸರು ಸೋಡಿಯಂ ಥಯೋಸಲ್ಫೇಟ್. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಅಂತ ಕಂಡುಕೊಂಡವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್, 1819ರಲ್ಲಿ. ಫೋಟೋಗೆ ಅದು ಒದಗಿದ್ದು 1839ರಲ್ಲಿ. ‘ನೆಗೆಟಿವ್’, ‘ಪಾಸಿಟಿವ್’ ಅನ್ನುವ ಪದಗಳನ್ನು ಫೋಟೋಗೆ ತಂದವರೂ ಅವರೇ. ಇವೆರಡೂ ನಮ್ಮಲ್ಲಿ ಹಾಗೇ ನೆಲೆಯೂರಿವೆ, ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

‘ಕತ್ತಲೆ ಕೋಣೆ’ ಅಂದೆನಲ್ಲ, ಅದರಲ್ಲೂ ಒಂದು ತೊಡಕಿದೆ. ಕಥೆಗಳಲ್ಲಿ ಕೆಂಪು ದೀಪದಡಿ ಫಿಲ್ಮ್ ತೊಳೆಯುವ ವರ್ಣನೆ ಬರುತ್ತದೆ. ಕೆಂಪು ದೀಪ ಪ್ರಿಂಟ್ ಹಾಕುವ ಕಪ್ಪು-ಬಿಳುಪು ಕಾಗದಕ್ಕೆ ಸರಿ, ಆ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಇಂದಿನ ಸಾಮಾನ್ಯ ಫಿಲ್ಮಿಗೆ ಎಲ್ಲಾ ಬಣ್ಣವೂ ತಾಗುತ್ತದೆ. ಅದನ್ನು ಪೂರಾ ಕತ್ತಲಲ್ಲೇ ಮುಚ್ಚಿದ ಡಬ್ಬಿಗೆ ತುಂಬಬೇಕು. ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಉಳಿದದ್ದನ್ನು ಹಗಲು ಬೆಳಕಿನಲ್ಲಿ, ಬಚ್ಚಲಲ್ಲೇ ಮಾಡಬಹುದು. ಕೈಪಿಡಿಯಲ್ಲಿ ಇವಕ್ಕೆ ‘ಪೂರಾ ಕತ್ತಲು’, ‘ಕೆಂಪು ಬೆಳಕು’ ಅಂತ ಬೇರೆಬೇರೆಯಾಗಿ ಬರೆದಿದ್ದೇನೆ.

ನನಗೆ ಇನ್ನೂ ಬಗೆಹರಿಯದ್ದು ‘ಖಾಲಿ’. ‘ರೋಲು ಖಾಲಿ ಆಯ್ತು’ ಅಂದರೆ ಎಲ್ಲಾ ಫ್ರೇಮೂ ತೆಗೆದಾಗಿದೆ. ‘ಖಾಲಿ ರೋಲು’ ಅಂದರೆ ಇನ್ನೂ ಏನೂ ತೆಗೆಯದ ಹೊಸದು ಅಂತಲೂ ಆಗುತ್ತದೆ. ರೋಲಿನ ಡಬ್ಬಿಯ ಮೇಲೆ ಸುಮ್ನೆ ‘ಖಾಲಿ’ ಅಂತ ಬರೆದಿಟ್ಟರೆ ಇನ್ನೊಬ್ಬರು ಅದನ್ನೇ ಮತ್ತೆ ಕ್ಯಾಮೆರಾಕ್ಕೆ ಹಾಕಿ, ಚಿತ್ರದ ಮೇಲೆ ಚಿತ್ರ ತೆಗೆದುಬಿಡಬಹುದು. ‘ಹೊಸದು’, ‘ತೆಗೆದದ್ದು’ ಅಂತ ಬರೆಯಬೇಕು ಅಂದುಕೊಂಡಿದ್ದೇನೆ. ಸ್ಟುಡಿಯೋದವರು ಏನು ಬರೆಯುತ್ತಿದ್ದರು?

ಬೆಳಗಾವಿ, ವಿಜಯಪುರ ಕಡೆಯವರಿಗೆ ಇನ್ನೊಂದು ಪ್ರಶ್ನೆ. ಮರಾಠಿಯಲ್ಲಿ ಚಿತ್ರ ಬರೆಯುವುದಕ್ಕೂ ಫೋಟೋ ತೆಗೆಯುವುದಕ್ಕೂ ‘ಕಾಢಣೆ’ ಒಂದೇ ಕ್ರಿಯಾಪದ. ನಿಮ್ಮಲ್ಲಿ ‘ಚಿತ್ರ ತೆಗೆ’ ಅಂದರೆ ಎರಡೂ ಅರ್ಥ ಇದೆಯೇ? ಇದ್ದರೆ ಅದು ಮರಾಠಿಯ ನೆರಳೋ, ಕನ್ನಡದ್ದೇ ಹಳೇ ಬಳಕೆಯೋ? ‘ಫೋಟೋ ಹಿಡಿ’, ‘ಫೋಟೋ ಹೊಡೆ’ ಯಾವ ಊರುಗಳಲ್ಲಿ ಜಾಸ್ತಿ?

ಬಳಗದಲ್ಲಿ ಸ್ಟುಡಿಯೋ ನಡೆಸಿದವರು, ಅಥವಾ ಅಂಥವರ ಮಕ್ಕಳು ಇದ್ದರೆ ದಯವಿಟ್ಟು ಬರೆಯಿರಿ. ಗಿರಾಕಿಗಳ ಮಾತು ನನಗೆ ಗೊತ್ತು. ಒಳಗೆ ಕತ್ತಲಲ್ಲಿ ನಿಂತು ಕೆಲಸ ಮಾಡಿದವರು ತಮ್ಮತಮ್ಮಲ್ಲಿ ಡೆವಲಪ್ ಮಾಡುವುದಕ್ಕೆ ಏನೆನ್ನುತ್ತಿದ್ದರು ಅನ್ನುವುದು ಬೇಕು. ಅವರಲ್ಲಿ ಬೇರೆ ಪದ ಇದ್ದರೆ ‘ಮೂಡಿಸು’ ಬಿಟ್ಟು ಅದನ್ನೇ ಕೈಪಿಡಿಗೆ ಹಾಕುತ್ತೇನೆ.