ಪಿಎಚ್‌ಡಿ ಲ್ಯಾಬೂ ಬೇಕು, ಸೈಕಲ್ ರೇಸೂ ಬೇಕು. ಯಾರಾದ್ರೂ ಎರಡೂ ಸಂಭಾಳಿಸಿದೀರಾ?

ಹೀಲಾ_ಹುಡುಗಿ:
ಬೆಂಗಳೂರಲ್ಲಿ ಸೆಲ್ ಬಯಾಲಜಿ ಪಿಎಚ್‌ಡಿ, ಮೂರನೇ ವರ್ಷ. ಜೀವಕೋಶಕ್ಕೆ ಶಕ್ತಿ ಕೊಡೋ ಮೈಟೊಕಾಂಡ್ರಿಯಾ ಹೇಗೆ ಒಡೆದು ಮತ್ತೆ ಕೂಡ್ಕೊಳ್ತವೆ ಅನ್ನೋದು ಟಾಪಿಕ್ಕು. ಈಗ ಸೀರಿಯಸ್ಸಾಗಿ ರೋಡ್ ರೇಸ್ ಮಾಡ್ಬೇಕು ಅಂತಿದೀನಿ, ಆದ್ರೆ ಲ್ಯಾಬಲ್ಲಿ ಬೆಳೆಸೋ ಮನುಷ್ಯರ ಜೀವಕೋಶ, ಹೀಲಾ ಸೆಲ್ಸ್‌ಗೆ ಭಾನುವಾರ ಅಂತೇನಿಲ್ವಲ್ಲ, ಬೆಳಿಗ್ಗೆ ನಂದಿ ಹತ್ತಿ ಬರೋಷ್ಟರಲ್ಲಿ ಇಲ್ಲಿ ಪ್ಲೇಟ್ ತುಂಬಿ ಮೀಡಿಯಾ (ಅವು ಬೆಳೆಯೋ ಪೋಷಕ ದ್ರವ) ಹಳದಿ ತಿರುಗಿರುತ್ತೆ. ಗೈಡು ಬೈಯಲ್ಲ, ಹೆಲ್ಮೆಟ್ ನೋಡಿ ಒಂದು ನಗು ಅಷ್ಟೆ, ಅದೇ ಕಷ್ಟ. ರೇಸ್ ಆಸೆ ಬಿಟ್ಬಿಡ್ಲಾ?

ನೊಣ_ಸಾಕೋನು:
ಬಿಡೋದ್ಯಾಕೆ, ಲೆಕ್ಕ ಸರಿ ಮಾಡ್ಕೊಳಿ. ಹೀಲಾ ಸುಮಾರು ಒಂದ್ ದಿನಕ್ಕೆ ಡಬಲ್ ಆಗುತ್ತೆ, ಶುಕ್ರವಾರ ಸಂಜೆ ಒಂದಕ್ಕೆ ಹತ್ತು ಸ್ಪ್ಲಿಟ್ ಮಾಡಿ, ಅಂದ್ರೆ ಹತ್ತರಲ್ಲೊಂದು ಪಾಲು ಸೆಲ್ಸ್ ಮಾತ್ರ ಹೊಸ ಪ್ಲೇಟಿಗೆ ಹಾಕಿಟ್ರೆ ಸೋಮವಾರ ಬೆಳಿಗ್ಗೆವರೆಗೂ ತುಂಬಲ್ಲ, ಮಧ್ಯೆ ಇನ್‌ಕ್ಯುಬೇಟರ್ ಬಾಗಿಲು ತೆಗೆಯೋದೇ ಬೇಡ. ನಮ್ ಡ್ರೊಸೊಫಿಲಾ (ಹಣ್ಣಿನ ನೊಣ) ಲ್ಯಾಬಲ್ಲಿ ವರ್ಜಿನ್ ಕಲೆಕ್ಷನ್, ಅಂದ್ರೆ ಗಂಡಿನ ಜೊತೆ ಇನ್ನೂ ಕೂಡದ ಹೆಣ್ಣುಗಳನ್ನ ಆರಿಸೋದು, ಇನ್ನೂ ಕಿರಿಕಿರಿ, 25 ಡಿಗ್ರಿಲಿ ಪ್ಯೂಪಾದಿಂದ ಹೊರಬಂದ ಹೆಣ್ಣು ನೊಣಗಳನ್ನ ಸುಮಾರು 8 ಗಂಟೆಯೊಳಗೆ ಬೇರೆ ಮಾಡ್ಬೇಕು, ಆದ್ರೆ ರಾತ್ರಿ ಬಾಟ್ಲಿಗಳನ್ನ 18 ಡಿಗ್ರಿಗೆ ಹಾಕಿದ್ರೆ ಹೆಚ್ಚುಕಮ್ಮಿ 16 ಗಂಟೆ ಸಿಗುತ್ತೆ. ನನ್ ಬೆಳಗಿನ ರೈಡೆಲ್ಲ ಆ ಗ್ಯಾಪಲ್ಲೇ.

ಚೈನ್_ಬಿಚ್ಚಿದೆ:
2021ರ ಟೋಕಿಯೋ ಒಲಿಂಪಿಕ್ಸ್ ನೋಡಿದ್ರಾ? ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್, ಗಣಿತದಲ್ಲಿ ಪಿಎಚ್‌ಡಿ, ಸ್ವಿಟ್ಜರ್ಲೆಂಡಲ್ಲಿ ಯೂನಿವರ್ಸಿಟಿ ಕೆಲಸ, ಪ್ರೊ ಟೀಮ್ ಕಾಂಟ್ರಾಕ್ಟೇ ಇಲ್ಲ. 137 ಕಿಮೀ ರೇಸಲ್ಲಿ ಶುರುವಲ್ಲೇ ಕಿತ್ಕೊಂಡು ಹೋದೋರು ಹಿಂದಿನವರ ಕೈಗೆ ಸಿಗಲೇ ಇಲ್ಲ, ಎರಡನೇ ಬಂದ ಆನೆಮೀಕ್ ಫಾನ್ ಫ್ಲೂಟೆನ್ ತಾನೇ ಗೆದ್ದೆ ಅಂತ ಕೈ ಎತ್ತಿದ್ರು 😄 (ಗಣಿತಕ್ಕೆ ಇನ್‌ಕ್ಯುಬೇಟರ್ ಬೇಕಿಲ್ಲ, ಅದೊಂದು ಅನುಕೂಲ ಬಿಡಿ.) ನೀವು ಟೈಮ್ ಟ್ರಯಲ್‌ನಿಂದ ಶುರು ಮಾಡಿ, ಒಬ್ಬರೇ ಓಡ್ಸೋದು, ಗುಂಪಲ್ಲಿ ಚಕ್ರ ತಾಗಿ ಬೀಳೋ ಭಯ ಇಲ್ಲ. ಮಣಿಕಟ್ಟು ಮುರ್ಕೊಂಡ್ರೆ ಪಿಪೆಟ್ ಯಾರ್ ಹಿಡೀತಾರೆ?

ನೊಣ_ಸಾಕೋನು:
ಗೈಡ್ ಮತ್ತೆ ನಕ್ರೆ ಹಾಲೋಸಿ ಹೆಸರು ಹೇಳಿ. 1967ರಲ್ಲೇ ಇಲಿಗಳನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ, ಟ್ರೇನಿಂಗಿಂದ ಸ್ನಾಯುಲಿ ಮೈಟೊಕಾಂಡ್ರಿಯಾ ಜಾಸ್ತಿ ಆಗುತ್ತೆ ಅಂತ ತೋರಿಸಿದ ಮನುಷ್ಯ. ನೀವೂ ಫೀಲ್ಡ್ ವರ್ಕೇ ಮಾಡ್ತಿರೋದು ಅನ್ನಿ.

ಹೀಲಾ_ಹುಡುಗಿ:
ಹಹಾ ಇದನ್ನ ಖಂಡಿತ ಹೇಳ್ತೀನಿ. ಒಂದಕ್ಕೆ ಹತ್ತು ಈ ಶುಕ್ರವಾರವೇ ಮಾಡ್ತೀನಿ. ಟ್ರಾನ್ಸ್‌ಫೆಕ್ಷನ್ (ಸೆಲ್ಸ್ ಒಳಗೆ ಹೊರಗಿನ ಡಿಎನ್‌ಎ ಹಾಕೋದು) ಇರೋ ವಾರ ಏನ್ಮಾಡ್ಲಿ ಆದ್ರೆ?

ನೊಣ_ಸಾಕೋನು:
ಮಂಗಳವಾರ ಟ್ರಾನ್ಸ್‌ಫೆಕ್ಟ್ ಮಾಡಿ, ಗುರುವಾರ ಇಮೇಜಿಂಗ್ ಮುಗಿಸಿ. ಕಾನ್ಫೋಕಲ್ ಮೈಕ್ರೋಸ್ಕೋಪ್ ಭಾನುವಾರ ಖಾಲಿ ಇರುತ್ತೆ ಅಂತ ಬುಕ್ ಮಾಡೋ ಚಾಳಿ ಇದ್ರೆ ಅದನ್ನ ಮೊದಲು ಬಿಡಿ.